ಕಲಬುರಗಿ ಎರೆ ನೆಲದಾಗ ಮನೆ: ಗೋಡೆ, ಫರ್ಸಿ, ಮಾಳಿಗೆ ಯಾವುದು ತಾಳ್ತದ?

ಸೇಡಂ_ರಸ್ತೆ_ಸೈಟ್:
ಎಲ್ಲರಿಗೂ ನಮಸ್ಕಾರರೀ. ಕಲಬುರಗಿ ಸೇಡಂ ರಸ್ತೆ ಕಡೆ 30×40 ಅಡಿ ಸೈಟ್, ಪಶ್ಚಿಮಕ್ಕ ಮುಖ. ಗುಂಡಿ ತೆಗಿಸಿ ನೋಡಿದ್ರ ಮ್ಯಾಲಿನ 6 ಅಡಿ ಕರಿ ಎರಿ ಮಣ್ಣು, ಅದರ ಕೆಳಗ ಹಳದಿ ಗರಸು. ನೆಲ ಅಂತಸ್ತು, ಮ್ಯಾಲೊಂದು ಅಂತಸ್ತು, ಕಾಲಂ ಹಾಕಿಸೇ ಕಟ್ಟೋದು. ಗ್ವಾಡಿಗೆ ಸುಟ್ಟ ಇಟ್ಟಂಗಿ, ಎಎಸಿ ಬ್ಲಾಕ್ (ಗಾಳಿಗುಳ್ಳಿ ತುಂಬಿದ ಹಗುರ ಸಿಮೆಂಟ್ ಬ್ಲಾಕ್), ಬೀದರದ ಕೆಂಪು ಕಲ್ಲು, ಈ ಮೂರರೊಳಗ ಯಾವುದು ಹೆಚ್ಚು ವರ್ಷ ತಾಳ್ತದ? ನೆಲಕ್ಕ ಶಹಾಬಾದ ಫರ್ಸಿ (ಹಾಸುಗಲ್ಲು) ಹಾಕ್ಬೇಕಾ ಟೈಲ್ಸ್ ಹಾಕ್ಬೇಕಾ? ಬ್ಯಾಸಗಿಯೊಳಗ ಮಾಳಗಿ ಕಾದು ಮ್ಯಾಲಿನ ಖೋಲಿ ಒಲಿ ಆಗಬಾರದು, ಅದಕ್ಕೇನು ಉಪಾಯ? ತಿಳಿದವರು ಅಳತಿ ಸಮೇತ ಹೇಳ್ರಿ.

ಎರೆನೆಲ_ಸಿವಿಲ್:
ಸರ್, ಗೋಡೆಯ ಪ್ರಶ್ನೆಗೆ ಆಮೇಲೆ ಬರೋಣ. ಎರೆ ನೆಲದಲ್ಲಿ ಮನೆ ಸೀಳುವುದು ಇಟ್ಟಂಗಿ ಕೆಟ್ಟದ್ದೆಂದಲ್ಲ, ಪಾಯ ಅಲುಗಾಡುವುದರಿಂದ. ಈ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಇರುತ್ತದೆ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಅಗಲ ಬಿರಿಯುತ್ತದೆ. ಮನೆಯ ಅಂಚಿನ ಮಣ್ಣು ಬೇಗ ಒಣಗುತ್ತದೆ, ನಡುವಿನ ಮಣ್ಣು ಹಸಿಯಾಗೇ ಉಳಿಯುತ್ತದೆ. ಮೂಲೆ ಇಳಿದು ನಡು ನಿಂತರೆ ಕಿಟಕಿಯ ಮೂಲೆಯಿಂದ ಓರೆ ಬಿರುಕು ಏಳುತ್ತದೆ. ಎಷ್ಟು ತುಟ್ಟಿ ಇಟ್ಟಂಗಿ ತಂದರೂ ಆ ಬಿರುಕು ತಪ್ಪದು.

ಮೊದಲು ಉಬ್ಬು ಪರೀಕ್ಷೆ ಮಾಡಿಸಿ. ಪಾಲಿಟೆಕ್ನಿಕ್, ಇಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯದಲ್ಲಿ ಆಗುತ್ತದೆ. 425 ಮೈಕ್ರಾನ್ ಜರಡಿಯಲ್ಲಿ ಇಳಿದ ಒಣ ಮಣ್ಣು 10 ಗ್ರಾಂ ನೀರಿನ ಜಾಡಿಗೆ, 10 ಗ್ರಾಂ ಸೀಮೆಎಣ್ಣೆಯ ಜಾಡಿಗೆ ಹಾಕಿ 24 ತಾಸು ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಅಲ್ಲಿ 10 ಮಿಲೀ ನಿಂತು ನೀರಿನಲ್ಲಿ 18 ಮಿಲೀ ಆದರೆ ಉಬ್ಬು 80 ಪ್ರತಿಶತ. 50 ದಾಟಿದರೆ ಆ ಮಣ್ಣಿನ ಮೇಲೆ ಪಾಯ ಕೂರಿಸಬೇಡಿ. ಅದೇ ಮಣ್ಣಿನಲ್ಲಿ ಸಲ್ಫೇಟ್ ಎಷ್ಟಿದೆ ಎಂದೂ ಕೇಳಿ. 0.2 ಪ್ರತಿಶತಕ್ಕಿಂತ ಹೆಚ್ಚಿದ್ದರೆ ಪಾಯಕ್ಕೆ ಸ್ಲ್ಯಾಗ್ ಸಿಮೆಂಟ್ (ಕಬ್ಬಿಣದ ಕುಲುಮೆಯ ಕಿಟ್ಟ ಸೇರಿದ್ದು) ಒಳ್ಳೆಯದು.

6 ಅಡಿಗೇ ಗರಸು ಸಿಕ್ಕಿರುವುದು ನಿಮ್ಮ ಪುಣ್ಯ. ಎಲ್ಲ ಫುಟಿಂಗೂ (ಕಾಲಮ್ಮಿನ ಬುಡದ ಅಗಲ ಪಾದ) ಎರೆ ದಾಟಿ ಗರಸಿನೊಳಗೆ ಕನಿಷ್ಠ ಒಂದು ಅಡಿ ಇಳಿಯಲಿ. ಖರ್ಚು ಉಳಿಸಲು ಒಂದು ಮೂಲೆಯ ಫುಟಿಂಗ್ ಮಾತ್ರ 5 ಅಡಿಗೆ ನಿಲ್ಲಿಸಿದರೆ ಆ ಮೂಲೆಯೇ ಆಡುತ್ತದೆ. ಎರೆ 12-15 ಅಡಿ ಆಳ ಇರುವ ಕಡೆ ಲೆಕ್ಕ ಬೇರೆ. ಅಲ್ಲಿ 3.5 ಮೀಟರಿಗಿಂತ ಆಳದ ಅಂಡರ್ ರೀಮ್ಡ್ ಪೈಲ್ (ಕೆಳಗೆ ಗಡ್ಡೆ ಇರುವ, ನೆಲದೊಳಗಿನ ಕಾಂಕ್ರೀಟ್ ಕಂಬ) ಬೇಕು. ಕಂಬ 300 ಮಿಮೀ ಇದ್ದರೆ ಕೆಳಗಿನ ಗಡ್ಡೆ 750 ಮಿಮೀ.

ಪ್ಲಿಂತ್ ಬೀಮ್ (ನೆಲಮಟ್ಟದಲ್ಲಿ ಕಾಲಮ್ಮುಗಳನ್ನು ಕೂಡಿಸುವ ತೊಲೆ) ನೇರ ಎರೆಯ ಮೇಲೆ ಕೂರಬಾರದು. ಕೆಳಗೆ 75 ಮಿಮೀ ಖಾಲಿ ಜಾಗ ಬಿಡಿ, ಮಣ್ಣು ಉಬ್ಬಿದರೂ ಬೀಮನ್ನು ಎತ್ತುವುದಿಲ್ಲ. ಅಗೆದ ಕರಿ ಮಣ್ಣನ್ನೇ ಮತ್ತೆ ಪಾಯದ ಸುತ್ತ ತುಂಬುವುದು ನಮ್ಮ ಕಡೆ ಬಹಳ ನಡೆಯುವ ತಪ್ಪು. ಅದನ್ನು ಹೊರಗೆ ಸಾಗಿಸಿ ಗರಸು ತರಿಸಿ, 6 ಇಂಚಿಗೊಂದು ಥರ ಹಾಕಿ, ನೀರು ಚಿಮುಕಿಸಿ ಕುಟ್ಟಿಸಿ ಧಮ್ಮಸ್ ಮಾಡಿಸಿ.

ಗೌಂಡಿ_ಚಿತ್ತಾಪುರ:
ಸಿವಿಲ್ ಸಾಹೇಬರು ಹೇಳಿದ್ದು ಖರೇ ಅದ. ಒಂದು ಮಾತು ಸೇರಸ್ತೀನ್ರಿ. ಮನಿ ಸುತ್ತ 4 ಅಡಿ ಅಗಲ ಕಟ್ಟಿ ಬೇಕೇ ಬೇಕು. ಕೆಳಗ ಗರಸು, ಅದರ ಮ್ಯಾಲ 4 ಇಂಚು 1:4:8 (ಸಿಮೆಂಟು, ಉಸುಕು, ಖಡಿ) ಕಾಂಕ್ರೀಟ್, ಮ್ಯಾಲ ಒರಟು ಫರ್ಸಿ. ಇಳಿಜಾರು ಹೊರಗಡೆ, 4 ಅಡಿಗೆ 1 ಇಂಚು. ಗ್ವಾಡಿಗೂ ಕಟ್ಟಿಗೂ ನಡುವ ಅರ್ಧ ಇಂಚು ಸಂದಿ ಬಿಟ್ಟು ಡಾಂಬರು ತುಂಬ್ರಿ, ಕಟ್ಟಿ ಆಡಿದ್ರೂ ಗ್ವಾಡಿ ಎಳೀಬಾರದು. ಮಾಳಗಿ ನೀರು ಪಾಯದ ಬುಡಕ್ಕ ಸುರೀಬಾರದು, ಪೈಪಿನ್ಯಾಗ ಗಟಾರಕ್ಕ ಅಥವಾ ಟಾಕಿಗೆ ಹೋಗ್ಬೇಕು. ಬಚ್ಚಲ ನೀರಿನ ಇಂಗು ಗುಂಡಿ ಪಾಯದ ಹತ್ರ ತೋಡಿದ್ರ ಆ ಕಡಿ ಮೂಲಿ ವರ್ಷಪೂರ್ತಿ ಹಸಿ, ಉಳಿದ ಮೂರು ಮೂಲಿ ಒಣ. ಮನಿ ಸೀಳಲಿಕ್ಕ ಅಷ್ಟೇ ಸಾಕು. ಗಿಡ ಹಚ್ಚೋದಾದ್ರ ಅದು ಬೆಳೆದು ಎಷ್ಟು ಎತ್ತರ ಆಗ್ತದೋ ಅಷ್ಟು ದೂರ ಹಚ್ರಿ.

ಸೇಡಂ_ರಸ್ತೆ_ಸೈಟ್:
ಗರಸು ತರಿಸೋದು ಲೆಕ್ಕಕ್ಕ ಹಿಡ್ಕೊಂಡಿರಲಿಲ್ಲ, ಈಗ ಹಿಡೀತೀನಿ. ಬೋರ್ ನೀರು ಸವಳು ಅದರೀ. ಕಾಂಕ್ರೀಟಿಗೆ ನಡೀತದಾ?

ಎರೆನೆಲ_ಸಿವಿಲ್:
ನಾಲಿಗೆಗೆ ಸವಳು ಅನ್ನಿಸಿದರೆ ಪರೀಕ್ಷೆಗೆ ಕೊಡಲೇಬೇಕು. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456ರ ಮಿತಿ ಹೀಗಿದೆ: ಕಬ್ಬಿಣ ಇರುವ ಕಾಂಕ್ರೀಟಿಗೆ ಕ್ಲೋರೈಡ್ ಲೀಟರಿಗೆ 500 ಮಿಗ್ರಾಂ, ಸಲ್ಫೇಟ್ 400 ಮಿಗ್ರಾಂ, ಪಿಎಚ್ 6ಕ್ಕಿಂತ ಕಡಿಮೆ ಇರಬಾರದು. ಕಬ್ಬಿಣ ಇಲ್ಲದ ಕಾಂಕ್ರೀಟಿಗೆ ಕ್ಲೋರೈಡ್ 2000ದವರೆಗೆ ನಡೆಯುತ್ತದೆ. ಮಿತಿ ದಾಟಿದ ನೀರನ್ನು ಕಾಲಂ, ಸ್ಲ್ಯಾಬಿಗೆ ಹಾಕಬೇಡಿ, ಕ್ಯೂರಿಂಗಿಗೂ (ಕಾಂಕ್ರೀಟಿಗೆ ನೀರು ಕುಡಿಸಲು) ಹಾಕಬೇಡಿ. ಕ್ಲೋರೈಡ್ ಒಳಗೆ ಇಳಿದು ಕಬ್ಬಿಣಕ್ಕೆ ಜಂಗು ಹಿಡಿಸುತ್ತದೆ. ಜಂಗು ಹಿಡಿದ ಸರಳು ದಪ್ಪವಾಗಿ ಕಾಂಕ್ರೀಟನ್ನು ಒಳಗಿಂದಲೇ ಒಡೆಯುತ್ತದೆ. ಹತ್ತು ಹದಿನೈದು ವರ್ಷಕ್ಕೆ ಕಿಟಕಿಯ ಮೇಲಿನ ಸಜ್ಜಾ ಕೆಳಗಿನಿಂದ ಹಕ್ಕಳೆ ಉದುರುವುದು ಇದರಿಂದ, ಇಲ್ಲವೇ ಸರಳಿನ ಕೆಳಗೆ ಕವರ್ (ಸರಳು ಮುಚ್ಚುವಷ್ಟು ಕಾಂಕ್ರೀಟ್ ದಪ್ಪ) ಬಿಡದ್ದರಿಂದ.

ಕವರಿಗೆ ಫರ್ಸಿ ಚೂರು ಇಡುವ ರೂಢಿ ನಮ್ಮ ಕಡೆ ಇದೆ. ಚೂರು ಜಾರುತ್ತದೆ, ಸರಳು ಹಲಗೆಗೆ ಅಂಟಿ ಕೂರುತ್ತದೆ. ಸಿಮೆಂಟಿನದೇ ಕವರ್ ಬ್ಲಾಕ್ ಮಾಡಿಸಿ: ಸ್ಲ್ಯಾಬಿಗೆ 25 ಮಿಮೀ, ಕಾಲಮ್ಮಿಗೆ 40, ಫುಟಿಂಗಿಗೆ 50.

ಉಕ್ಕು_ಲೆಕ್ಕ:
ಸರಳು ತಗೊಳ್ಳುವಾಗ ಐಎಸ್ 1786 ಗುರುತು, 500ಡಿ ದರ್ಜೆ ನೋಡಿ. ಡಿ ದರ್ಜೆ ಹೆಚ್ಚು ಹಿಗ್ಗುತ್ತದೆ, ಭೂಕಂಪದಲ್ಲಿ ಪಟ್ಟನೆ ಮುರಿಯುವುದಿಲ್ಲ. ತೂಕ ತಾಳೆ ಮಾಡಲು ಮಿಮೀ ಅಳತೆಯನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿ. 8 ಮಿಮೀ ಮೀಟರಿಗೆ 0.395 ಕೆಜಿ, 10ಕ್ಕೆ 0.617, 12ಕ್ಕೆ 0.888, 16ಕ್ಕೆ 1.58. ಒಂದು ಮೀಟರ್ ತುಂಡು ಕತ್ತರಿಸಿ ತೂಗಿದರೆ ಹಗುರ ಮಾಲು ಅಲ್ಲೇ ಸಿಕ್ಕಿಬೀಳುತ್ತದೆ.

ಸಿವಿಲ್_ಯಾದಗಿರಿ:
ಉಸುಕಿನ ಬಗ್ಗೆ. ಭೀಮಾ, ಕೃಷ್ಣಾ ಉಸುಕು ಅಂತ ಬರುವುದರಲ್ಲಿ ಹಳ್ಳದ ಮಣ್ಣುಸುಕೂ ಬೆರೆತು ಬರುತ್ತದೆ. ಗಾಜಿನ ಬಾಟಲಿಗೆ ಅರ್ಧ ಉಸುಕು, ಮುಕ್ಕಾಲಿನವರೆಗೆ ನೀರು, ಒಂದು ಚಿಟಿಕೆ ಉಪ್ಪು ಹಾಕಿ ಅಲುಗಾಡಿಸಿ 3 ತಾಸು ಇಡಿ. ಮೇಲೆ ಕೂತ ಕೆಸರಿನ ಪದರ ಉಸುಕಿನ ಎತ್ತರದ 8 ಪ್ರತಿಶತ ದಾಟಿದರೆ ವಾಪಸ್ ಕಳಿಸಿ. ಕೆಸರಿರುವ ಉಸುಕು ಹೆಚ್ಚು ನೀರು ಕೇಳುತ್ತದೆ, ಗಿಲಾವ (ಪ್ಲಾಸ್ಟರ್) ಒಣಗುವಾಗ ಜೇಡರ ಬಲೆಯ ಹಾಗೆ ಬಿರಿಯುತ್ತದೆ. ತೊಳೆದ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಉಸುಕು) ಕಾಂಕ್ರೀಟಿಗೆ ನಿರ್ಭಯವಾಗಿ ಹಾಕಬಹುದು. ಗಿಲಾವಕ್ಕೆ ಬೇರೆ ನಯ ಉಸುಕು ಬರುತ್ತದೆ, ಎರಡನ್ನೂ ಕಲಸಬೇಡಿ.

ಪ್ರಮಾಣ ಬೇಕಾದರೆ: 1000 ಚದರ ಅಡಿ, 5 ಇಂಚಿನ ಸ್ಲ್ಯಾಬ್ ಅಂದರೆ ಹತ್ತಿರ ಹತ್ತಿರ 11.8 ಘನ ಮೀಟರ್. 1:1.5:3 ಮಿಶ್ರಣದಲ್ಲಿ 95 ಚೀಲ ಸಿಮೆಂಟು, ಪೌಣೆ ಎರಡು ಬ್ರಾಸ್ (ಒಂದು ಬ್ರಾಸ್ ಅಂದರೆ 100 ಘನ ಅಡಿ) ಉಸುಕು, ಮೂರೂವರೆ ಬ್ರಾಸ್ 20 ಮಿಮೀ ಖಡಿ. ಬೀಮ್ ಇದರಲ್ಲಿ ಸೇರಿಲ್ಲ. ಇದು ಎಂ20 ದರ್ಜೆಯ ಕಾಂಕ್ರೀಟ್, ಕನಿಷ್ಠ. ಸಾಧ್ಯವಾದರೆ ಎಂ25ಕ್ಕೆ ಮಿಕ್ಸ್ ಡಿಸೈನ್ (ಪ್ರಯೋಗಾಲಯದಲ್ಲಿ ಮಿಶ್ರಣದ ಪ್ರಮಾಣ ಗೊತ್ತು ಮಾಡುವುದು) ಮಾಡಿಸಿ. ನೀರು ಚೀಲಕ್ಕೆ 25 ಲೀಟರ್. ಉಸುಕು ಹಸಿ ಇದ್ದರೆ 3 ಲೀಟರ್ ಕಡಿಮೆ. ಬಕೆಟ್ಟಿಗೆ ಗುರುತು ಹಾಕಿಸಿ. ಪೈಪ್ ಹಿಡಿದು ಅಂದಾಜಿಗೆ ನೀರು ಬಿಡುವುದರಿಂದ ಕೆಟ್ಟಷ್ಟು ಸ್ಲ್ಯಾಬು ಕೆಟ್ಟ ಸಿಮೆಂಟಿನಿಂದ ಕೆಟ್ಟಿಲ್ಲ.

ಗೌಂಡಿ_ಚಿತ್ತಾಪುರ:
ಏಪ್ರಿಲ್-ಮೇದಾಗ ಸ್ಲ್ಯಾಬ್ ಹಾಕೋದು ತಪ್ಪಿಸ್ರಿ. ತಪ್ಪಸ್ಲಿಕ್ಕ ಆಗದಿದ್ರ ಸಂಜಿ 4ರ ಮ್ಯಾಲ ಶುರು ಮಾಡ್ರಿ. ಖಡಿ ಗುಂಪಿಗೆ ಮುಂಜಾನಿಂದ ನೀರು ಹೊಡೀರಿ, ನೀರಿನ ಡ್ರಮ್ ನೆರಳಿನ್ಯಾಗಿರ್ಲಿ, ಸೆಂಟ್ರಿಂಗ್ ತಗಡು ತಣ್ಣಗ ಮಾಡ್ರಿ. ಬಿಸಿಗಾಳಿ ಹೊಡದ್ರ ತಾಸಿನೊಳಗ ಮ್ಯಾಲಿನ ಪದರ ಬಿರೀತದ. ಬೆರಳು ಊರಿದ್ರ ಗುರುತು ಬೀಳದಷ್ಟು ಗಟ್ಟಿ ಆದ ಕೂಡ್ಲೇ ಹಸಿ ಗೋಣಿ ತಟ್ಟು ಹೊಚ್ರಿ. ಮರುದಿನ ಸುತ್ತ ಸಣ್ಣ ಬದು ಕಟ್ಟಿ ನೀರು ನಿಲ್ಲಿಸ್ರಿ, 14 ದಿನ. ಕಾಲಮ್ಮಿಗೂ ಗೋಣಿ ಸುತ್ತಿ 14 ದಿನ. ನಮ್ಮ ಕಡಿ ಸಿಗೋದು ಬಹುತೇಕ ಪಿಪಿಸಿ. ಬೂದಿ ಸೇರಿದ ಸಿಮೆಂಟು ನಿಧಾನ ಗಟ್ಟಿ ಆಗ್ತದ, ಆದ್ರ ನೀರು ಸರಿಯಾಗಿ ಕುಡಿಸಿದ್ರ ಹಳೇದಾದಂಗ ಬಿಗೀತದ. 3 ದಿನಕ್ಕ ನೀರು ಹಾಕೋದು ಬಿಟ್ಟವರಿಗೆ ಪಿಪಿಸಿ ಕೈ ಕೊಡ್ತದ.

ಇನ್ನೊಂದು. ವಾಡಿ, ಸೇಡಂ, ಮಳಖೇಡ ಕಾರ್ಖಾನಿ ಎಲ್ಲಾ ಇಲ್ಲೇ ಅವ, ತಾಜಾ ಚೀಲ ಸಿಗ್ತಾವ. ಚೀಲದ ಮ್ಯಾಲ ವಾರ, ವರ್ಷ ಅಚ್ಚಾಗಿರ್ತದ. 3 ತಿಂಗಳು ದಾಟಿದ್ದು ಮುಟ್ಟಬ್ಯಾಡ್ರಿ.

ಸೇಡಂ_ರಸ್ತೆ_ಸೈಟ್:
ಬರ್ಕೊಂಡೀನಿ ಅಣ್ಣಾರ. ಈಗ ಗ್ವಾಡಿಗೆ ಬರ್ರಿ.

ಸಿವಿಲ್_ಯಾದಗಿರಿ:
ನಿಮ್ಮ ಮನೆ ಕಾಲಂ-ಬೀಮಿನದು, ಗೋಡೆ ಭಾರ ಹೊರುವುದಿಲ್ಲ. ಹಾಗಾಗಿ ಹಗುರ, ತಂಪು, ಬಿರಿಯದ್ದು ಬೇಕು. ಎಎಸಿ ಬ್ಲಾಕ್ ಘನ ಮೀಟರಿಗೆ 550-650 ಕೆಜಿ, ಇಟ್ಟಂಗಿ ಅದರ ಮೂರು ಪಟ್ಟು ಹತ್ತಿರ. ಎರೆ ನೆಲದಲ್ಲಿ ಹಗುರ ಗೋಡೆ ಅಂದರೆ ಪಾಯಕ್ಕೂ ಹಗುರ. ಶಾಖ ದಾಟಿಸುವುದೂ ಇಟ್ಟಂಗಿಯ ಕಾಲು ಭಾಗದಷ್ಟು. ನಿಮ್ಮ ಪಶ್ಚಿಮದ ಗೋಡೆಗೆ 8 ಇಂಚಿನ ಎಎಸಿಗಿಂತ ಒಳ್ಳೆಯದು ಈ ಮೂರರಲ್ಲಿ ಇಲ್ಲ.

ಗೌಂಡಿ_ಚಿತ್ತಾಪುರ:
ಇದಕ್ಕ ನಾ ಒಪ್ಪಂಗಿಲ್ರಿ. ಎಎಸಿ ಕಟ್ಟಿದ ಮನಿಗಳೊಳಗ ಗಿಲಾವ ಬಿರುಕು ಬಿಡದ್ದು ಕಡಿಮಿ. ಮೊಳೆ ಹಿಡಿಯಂಗಿಲ್ಲ. ಒಂದು ಕಡಿ ನೀರು ಸೋರಿದ್ರ ಸ್ಪಂಜಿನಂಗ ಕುಡೀತದ. ಛಲೋ ಸುಟ್ಟ ಇಟ್ಟಂಗಿ ಏನು ಕಡಿಮಿ ಮಾಡೇದ?

ಸಿವಿಲ್_ಯಾದಗಿರಿ:
ಬಿರುಕು ಬಿಡುವುದು ಖರೇ, ಆದರೆ ಇಟ್ಟಂಗಿ ಕಟ್ಟುವ ರೀತಿಯಲ್ಲೇ ಎಎಸಿ ಕಟ್ಟುವುದರಿಂದ ಅದು ಆಗುತ್ತದೆ. ಬ್ಲಾಕ್ ನೀರಲ್ಲಿ ನೆನೆಸಬಾರದು, ಮೇಲ್ಮೈ ಒದ್ದೆ ಮಾಡಿದರೆ ಸಾಕು. ನೆನೆದದ್ದು ಗೋಡೆಯಲ್ಲಿ ಒಣಗುತ್ತಾ ಕುಗ್ಗುತ್ತದೆ, ಅದೇ ಬಿರುಕು. ಕಟ್ಟಲು 3 ಮಿಮೀ ದಪ್ಪದ ಬ್ಲಾಕ್ ಅಂಟು, ಇಂಚು ದಪ್ಪದ ಗಾರೆ ಅಲ್ಲ. ಬೀಮಿನ ಕೆಳಗೆ 10-15 ಮಿಮೀ ಸಂದಿ ಬಿಟ್ಟು ವಾರ ಹತ್ತು ದಿನದ ಮೇಲೆ ತುಂಬಬೇಕು. ಅವತ್ತೇ ಬಿಗಿದರೆ ಬೀಮು ಬಾಗಿದಾಗ ಗೋಡೆಯ ಮೇಲೆ ಕೂರುತ್ತದೆ. ಕಾಲಂ ಮತ್ತು ಗೋಡೆ ಕೂಡುವ ಕಡೆ ಒಂದು ಅಡಿ ಅಗಲ ಜಾಳಿಗೆ ಹೊಡೆದು ಆಮೇಲೆ ಗಿಲಾವ. ಗಿಲಾವ 1:6, 12 ಮಿಮೀ. 1:3 ಗಟ್ಟಿ ಗಿಲಾವ ಹಾಕಿದರೆ ಮೆದು ಬ್ಲಾಕಿನಿಂದ ಸುಲಿದು ಬರುತ್ತದೆ. ನೀರಿನ ಮಾತು ನೀವು ಹೇಳಿದ್ದು ಸರಿ, ಬಚ್ಚಲ ಗೋಡೆಗೆ ಮತ್ತು ಪ್ಲಿಂತಿನ ಮೇಲಿನ ಮೊದಲ ಎರಡು ಸಾಲಿಗೆ ಎಎಸಿ ಬೇಡ. ಅಲ್ಲಿ ಇಟ್ಟಂಗಿಯೇ ಇರಲಿ.

ಗೌಂಡಿ_ಚಿತ್ತಾಪುರ:
ಜಾಳಿಗಿ ಹೊಡ್ಯೋ ಗೌಂಡಿ ಸಿಗೋದಾದ್ರ ಮಾಡ್ಲಿ, ಬ್ಯಾಡ ಅನ್ನಂಗಿಲ್ಲ. ಇಟ್ಟಂಗಿ ತರೋರಿಗೆ ಮಾತ್ರ ಹೇಳ್ತೀನಿ, ಎರಿ ಮಣ್ಣಿನ್ಯಾಗ ಸುಣ್ಣದ ಹರಳು ಇರ್ತಾವ. ಭಟ್ಟಿಯೊಳಗ ಆ ಹರಳು ಸುಟ್ಟು ಸುಣ್ಣ ಆಗ್ತದ. ಗ್ವಾಡಿ ಏರಿದ ಮ್ಯಾಲ ನೀರು ತಾಗಿದ್ರ ಅರಳಿ ಗಿಲಾವ ಸಮೇತ ಚಿಟ್ ಅಂತ ಹಾರಸ್ತದ. ತರೂಕ್ಕಿಂತ ಮೊದಲ ಐದು ಇಟ್ಟಂಗಿ ತೂಗಿ, ಒಂದು ದಿನ ನೀರಿನ್ಯಾಗ ಮುಳುಗಿಸಿ ಮತ್ತ ತೂಗ್ರಿ. 3 ಕೆಜಿ ಇಟ್ಟಂಗಿ 600 ಗ್ರಾಂಗಿಂತ ಹೆಚ್ಚು ನೀರು ಕುಡದ್ರ ಬ್ಯಾಡ. ಆಮ್ಯಾಲ ನಾಕು ದಿನ ನೆರಳಿಗಿಟ್ಟು ನೋಡ್ರಿ, ಬಿಳಿ ಚುಕ್ಕಿ ಎದ್ದು ಸಿಡದ್ರ ಆ ಭಟ್ಟಿ ಕಡಿ ಹೋಗಬ್ಯಾಡ್ರಿ.

ಬೀದರ_ಕೆಂಪುಕಲ್ಲು:
ಕೆಂಪು ಕಲ್ಲಿನ ಮಾತು ಕೇಳಿದ್ದಕ್ಕೆ ಬರೀತಿದೀನಿ. ಬೀದರ ಊರೇ ಜಂಬಿಟ್ಟಿಗೆಯ (ಇದೇ ಕೆಂಪು ಕಲ್ಲಿನ) ಹಾಸಿನ ಮೇಲೆ ಕೂತಿದೆ, ಕೆಳಗೆ ಕರಿಕಲ್ಲು. ಕೋಟೆಯ ಗೋಡೆಯಲ್ಲೂ ಈ ಎರಡೂ ಇವೆ. ನೆಲದಿಂದ ತೆಗೆದಾಗ ಕೊಡಲಿಯಿಂದ ಕೆತ್ತುವಷ್ಟು ಮೆದು. ಗಾಳಿಗೆ ಒಣಗಿದ ಹಾಗೆ ಒಳಗಿನ ಕಬ್ಬಿಣದ ಅಂಶ ಗಟ್ಟಿಯಾಗುತ್ತದೆ. ಆದ್ದರಿಂದ ಗಣಿಯಿಂದ ಬಂದ ವಾರವೇ ಕಟ್ಟಬಾರದು, ಒಂದು ಬೇಸಿಗೆಯಾದರೂ ಬಿಸಿಲು ಗಾಳಿಗೆ ಪೇರಿಸಿಡಬೇಕು. ಐಎಸ್ 3620ರ ಪ್ರಕಾರ ಚದರ ಮಿಮೀಗೆ 3.5 ನ್ಯೂಟನ್ ತಾಳಬೇಕು, ನೀರು 12 ಪ್ರತಿಶತಕ್ಕಿಂತ ಹೆಚ್ಚು ಹೀರಬಾರದು. ಕಣ್ಣಿಗೆ ಬಿಳಿ ಜೇಡಿ ತುಂಬಿದ ರಂಧ್ರ ಕಂಡರೆ ಆ ಕಲ್ಲು ಬಿಡಿ, ಮಳೆಗೆ ಜೇಡಿ ತೊಳೆದು ಹೋಗಿ ಕಲ್ಲು ಟೊಳ್ಳಾಗುತ್ತದೆ.

ಇದನ್ನು ನೆಲಕ್ಕೆ ತಾಗಿಸಿ ಕಟ್ಟಿದರೆ ಬುಡದಿಂದ ನೀರು ಏರುತ್ತದೆ. ಪ್ಲಿಂತ್ ತನಕ ಕರಿಕಲ್ಲು, ಅದರ ಮೇಲೆ 1:2:4ರ 40 ಮಿಮೀ ತೇವ ತಡೆ ಪದರ, ಆಮೇಲೆ ಕೆಂಪು ಕಲ್ಲು. ಹೊರಗಡೆ ಗಟ್ಟಿ ಸಿಮೆಂಟ್ ಗಿಲಾವ ಬಳಿಯಬೇಡಿ, ಕಲ್ಲಿನ ತೇವ ಹೊರ ಹೋಗಲು ದಾರಿ ಇರುವುದಿಲ್ಲ. ಸಂದಿಗೆ ಸಿಮೆಂಟು 1, ಸುಣ್ಣ 1, ಉಸುಕು 6 ಸಾಕು. ಪೂರ್ತಿ ಸುಣ್ಣದ್ದೇ ಬೇಕಾದರೆ ಸುಣ್ಣ 1, ಸುರ್ಕಿ (ಇಟ್ಟಂಗಿ ಪುಡಿ) 1, ಉಸುಕು 2, ರುಬ್ಬಿದ್ದು.

ಆದರೆ ಸೇಡಂ ರಸ್ತೆಯವರಿಗೆ ಇದು ಬೇಡ ಅನ್ನುತ್ತೇನೆ. ನೂರು ಕಿಲೋಮೀಟರ್ ಮೇಲಿನಿಂದ ಭಾರದ ಕಲ್ಲು ತಂದು ಎರೆ ನೆಲದ ಕಾಲಂ ನಡುವೆ ತುಂಬುವುದರಲ್ಲಿ ಲಾಭ ಇಲ್ಲ. ಬೀದರ, ಹುಮನಾಬಾದ ಕಡೆ ಗಟ್ಟಿ ನೆಲದ ಮೇಲೆ ಕಟ್ಟುವವರಿಗೆ ಇದು ಹೊಂದುವ ಕಲ್ಲು.

ಸುರಪುರ_ಮಾಳಿಗೆ:
ಹಳೆ ಮನಿಗಳ ಮಣ್ಣಿನ ಮಾಳಗಿ ಎಷ್ಟು ತಂಪು ಇರ್ತಾವ. ಜಂತಿ, ಫರ್ಸಿ, ಮ್ಯಾಲ ಒಂದು ಅಡಿ ಮಣ್ಣು. ಅದನ್ನ ಯಾರೂ ಯಾಕ ಹೇಳವಲ್ರಿ?

ಎರೆನೆಲ_ಸಿವಿಲ್:
ತಂಪು ಹೌದು. ಆದರೆ ಒಂದು ಅಡಿ ಮಣ್ಣು ಚದರ ಮೀಟರಿಗೆ 500 ಕೆಜಿ ಭಾರ. 5 ಇಂಚಿನ ಸ್ಲ್ಯಾಬೇ 310 ಕೆಜಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಮ್ಮ ಗಡಿಯಾಚೆ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಜನರನ್ನು ಕೊಂದದ್ದು ಇದೇ ಕಟ್ಟಡ: ಕೆಸರಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಅದರ ಮೇಲೆ ಭಾರದ ಮಣ್ಣಿನ ಮಾಳಿಗೆ. ಗೋಡೆಯ ಎರಡು ಮುಖ ಬೇರೆಯಾಗಿ ಉಬ್ಬಿದವು, ಮಾಳಿಗೆ ಮಲಗಿದವರ ಮೇಲೆ ಕೂತಿತು. ಹಳೆ ಕಲ್ಲಿನ ಮನೆಯಲ್ಲಿ ಈಗಲೂ ಇರುವವರು ದಯವಿಟ್ಟು ಎರಡು ಕೆಲಸ ಮಾಡಿಸಿ. ವರ್ಷ ವರ್ಷ ಸೋರಿಕೆಗೆಂದು ಮೇಲೆ ಹಾಕುತ್ತಾ ಬಂದ ಹೆಚ್ಚಿನ ಮಣ್ಣು ಇಳಿಸಿ. ಗೋಡೆಗೆ ಎತ್ತರದಲ್ಲಿ 2 ಅಡಿಗೊಂದು, ಉದ್ದದಲ್ಲಿ 4 ಅಡಿಗೊಂದು ಎರಡೂ ಮುಖ ಹಿಡಿಯುವ ಅಡ್ಡಗಲ್ಲು ಅಥವಾ ಕಾಂಕ್ರೀಟ್ ಕೊಂಡಿ ಹಾಕಿಸಿ.

ಶಹಾಬಾದ_ಫರ್ಸಿ:
ನೆಲದ ಪ್ರಶ್ನೆ ಉಳೀತು. ಶಹಾಬಾದ, ಚಿತ್ತಾಪುರ, ಸೇಡಂ ಪಟ್ಟಿಯ ಫರ್ಸಿ ಸುಣ್ಣದ ಕಲ್ಲು, ಪದರ ಪದರವಾಗಿ ಬರ್ತದ. ಅದರ ಗುಣ, ದೋಷ ಎರಡೂ ಆ ಪದರದಾಗೇ ಅವ. ಪದರದ ನಡುವ ತೆಳ್ಳನ ಜೇಡಿ ಗೆರಿ ಇದ್ರ ನಾಕೈದು ವರ್ಷಕ್ಕ ಹಪ್ಪಳದಂಗ ಏಳ್ತದ. ತಗೊಳ್ಳುವಾಗ ಫರ್ಸಿ ನಿಲ್ಲಿಸಿ ಸಣ್ಣ ಸುತ್ತಿಗಿಂದ ಬಡೀರಿ, ಠಣ್ ಅಂದ್ರ ತಗೋರಿ, ಬದ್ ಅಂದ್ರ ಬಿಡ್ರಿ. ಅಂಚಿಗೆ ನೀರು ಹಚ್ಚಿ ಒಣಗೋದು ನೋಡ್ರಿ. ಉಳಿದ ಕಲ್ಲು ಒಣಗಿ ಒಂದು ಗೆರಿ ಮಾತ್ರ ಹಸಿ ಉಳಿದ್ರ ಅದೇ ಜೇಡಿ.

ಹಾಸುವ ಮೊದಲ ಹಿಂಬದಿ ದೂಳು ಬ್ರಷ್ ಹಾಕಿ ತೊಳೀರಿ. ದೂಳಿನ ಮ್ಯಾಲ ಸಿಮೆಂಟು ಕಚ್ಚಂಗಿಲ್ಲ, ಆಮ್ಯಾಲ ಕಾಲಿಟ್ರ ಟೊಳ್ಳು ಸಪ್ಪಳ. ಕೆಳಗ 9 ಇಂಚು ಗರಸು ಧಮ್ಮಸ್, 4 ಇಂಚು ಕಾಂಕ್ರೀಟ್, ಅದರ ಮ್ಯಾಲ 1:6 ಗಾರಿ ಇಂಚಿಂದ ಒಂದೂವರೆ ಇಂಚು, ಮ್ಯಾಲ ಸಿಮೆಂಟಿನ ಹಾಲು ಸುರಿದು ಫರ್ಸಿ ಕೂರಿಸಿ ಕಟ್ಟಿಗಿ ಸುತ್ತಿಗಿಂದ ತಟ್ರಿ. ಸಂದಿ 3 ಮಿಮೀ ಬಿಡ್ರಿ. ಪಾಲಿಶ್ 10 ದಿನ ಆದ ಮ್ಯಾಲ.

ಎಲ್ಲೆಲ್ಲಿ ಹಾಕಬಾರದು ಅನ್ನೋದೂ ಹೇಳಬೇಕು. ಸುಣ್ಣದ ಕಲ್ಲಿಗೆ ಹುಳಿ ಆಗಂಗಿಲ್ಲ. ಅಡಗಿ ಕಟ್ಟಿ ಮ್ಯಾಲ ಹುಣಸಿ ರಸ, ಲಿಂಬಿಹಣ್ಣು ಬಿದ್ರ ಹೊಳಪು ಹೋಗಿ ಬಿಳಿ ಕಲೆ ಉಳೀತದ, ಅಲ್ಲಿ ಗ್ರಾನೈಟ್ ಹಾಕ್ರಿ. ಪಾಯಖಾನಿಗೆ ಆಸಿಡ್ ಸುರಿಯೋ ಮನಿ ಇದ್ರ ಅಲ್ಲಿ ಟೈಲ್ಸ್. ಅಂಗಳಕ್ಕ ಪಾಲಿಶ್ ಫರ್ಸಿ ಹಾಕಬ್ಯಾಡ್ರಿ, ಮಳಿಗೆ ಜಾರ್ತದ. ಪಡಸಾಲಿ, ಮಲಗೋ ಖೋಲಿ, ಜಿನಿಗೆ (ಮೆಟ್ಟಿಲಿಗೆ) ಮಾತ್ರ ಇದಕ್ಕಿಂತ ತಂಪು, ಬಾಳಿಕಿ ಬರೋದು ಇನ್ನೊಂದಿಲ್ಲ. ಸವದ್ರ ಮತ್ತ ತಿಕ್ಕಿಸಬಹುದು, ಟೈಲ್ಸಿಗೆ ಅದಿಲ್ಲ.

ನೆಲದೊಳಗಿನ ನೀರಿನ ಟಾಕಿಗೂ ಒರಟು ಫರ್ಸಿ ಛಲೋ. ಹೊರಗಡಿಂದ ತಳಕ್ಕೂ ನಾಕೂ ಬದಿಗೂ ಫರ್ಸಿ ನಿಲ್ಲಿಸಿ ಸಂದಿಗೆ ಸಿಮೆಂಟು ಹಾಲು ತುಂಬ್ತಾರ, ಬಾಕ್ಸ್ ವಾಟರ್‌ಪ್ರೂಫಿಂಗ್ ಅಂತಾರ. ಟಾಕಿ ಕಟ್ಟಿದ ಮ್ಯಾಲ ಮಾಡ್ಲಿಕ್ಕ ಬರಂಗಿಲ್ಲ, ತಳದ ಫರ್ಸಿ ಮೊದಲೇ ಬೀಳಬೇಕು.

ಸೇಡಂ_ರಸ್ತೆ_ಸೈಟ್:
ಫರ್ಸಿ ಖಾಯಂ ಆಯ್ತು. ಕಟ್ಟಿಗಿ ಬಾಗಿಲ ಚೌಕಟ್ಟು, ಗೆದ್ದಲ ಹಿಡೀತದ ಅಂತಾರ?

ಸಿವಿಲ್_ಯಾದಗಿರಿ:
ಪಾಯ ತೆಗೆದಾಗಲೇ ಗೆದ್ದಲು ಔಷಧ ಹೊಡೆಸಿ. ಕ್ಲೋರ್‌ಪೈರಿಫಾಸ್ 20 ಇಸಿ 1 ಲೀಟರಿಗೆ 19 ಲೀಟರ್ ನೀರು, ನೆಲ ತುಂಬಿದ ಮೇಲ್ಮೈಗೆ ಚದರ ಮೀಟರಿಗೆ 5 ಲೀಟರ್. ಕೈಗವಸು, ಮುಖವಾಡ ಬೇಕೇ ಬೇಕು, ಬಾವಿ ಮತ್ತು ಟಾಕಿಯಿಂದ ದೂರ. ಮುಂಬಾಗಿಲಿಗೆ ಸಾಗವಾನಿ, ಒಳಗಿನವಕ್ಕೆ ಕಲ್ಲಿನ ಅಥವಾ ಉಕ್ಕಿನ ಚೌಕಟ್ಟು ಸಾಕು.

ಸೇಡಂ_ರಸ್ತೆ_ಸೈಟ್:
ಕೊನೀದು ಮಾಳಗಿ.

ಎರೆನೆಲ_ಸಿವಿಲ್:
ಬಿಸಿಲು ಸ್ಲ್ಯಾಬಿಗೆ ತಾಗದ ಹಾಗೆ ಮಾಡುವುದೇ ಉಪಾಯ. ಸ್ಲ್ಯಾಬ್ ಕಾದರೆ ಬರೀ ಸೆಕೆ ಅಲ್ಲ, ಉದ್ದವೂ ಆಗುತ್ತದೆ. 10 ಮೀಟರ್ ಸ್ಲ್ಯಾಬ್ 30 ಡಿಗ್ರಿ ಏರಿದರೆ 3 ಮಿಮೀ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಪ್ಯಾರಪೆಟ್ (ಮಾಳಿಗೆ ಸುತ್ತಿನ ಗಿಡ್ಡ ಗೋಡೆ) ಬುಡದಲ್ಲಿ ಅಡ್ಡ ಬಿರುಕು ಬಂದು ಅಲ್ಲಿಂದಲೇ ಮೊದಲು ಸೋರುವುದು ಅದಕ್ಕೇ.

ಮೊದಲು ಸ್ಲ್ಯಾಬಿಗೆ ನೀರು ತಡೆಯುವ ಸಿಮೆಂಟ್-ಪಾಲಿಮರ್ ಲೇಪ ಎರಡು ಕೈ, ಪ್ಯಾರಪೆಟ್ ಮೇಲೆ ಒಂದು ಅಡಿ ಏರಿಸಿ. ಅದರ ಮೇಲೆ ಇಟ್ಟಂಗಿ ಚೂರಿನ ಕೋಬಾ (ಗಾರೆಯಲ್ಲಿ ಕೂರಿಸಿದ ಚೂರಿನ ಪದರ), ಸರಾಸರಿ 4 ಇಂಚು, ಇಳಿಜಾರು ನೂರಕ್ಕೆ ಒಂದು. ಚೂರು ಚೆನ್ನಾಗಿ ನೆನೆದಿರಬೇಕು. ಇದರ ಭಾರವನ್ನು ಸ್ಲ್ಯಾಬ್ ಡಿಸೈನಿನಲ್ಲಿ ಮೊದಲೇ ಹಿಡಿಸಿ. ಮಾಳಿಗೆಯೂ ಪ್ಯಾರಪೆಟ್ಟೂ ಕೂಡುವ ಮೂಲೆಯಲ್ಲಿ 3 ಇಂಚಿನ ಗುಂಡು ವಾಟ. ಎಲ್ಲಕ್ಕಿಂತ ಮೇಲೆ ಬಿಳಿ ಟೈಲ್ಸ್ ಚೂರಿನ ಚೈನಾ ಮೊಸಾಯಿಕ್. ಬಿಳಿ ಮೈ ಬಿಸಿಲು ತಿರುಗಿಸುತ್ತದೆ, ಬಣ್ಣದ ಹಾಗೆ ವರ್ಷ ವರ್ಷ ಬಳಿಯಬೇಕಿಲ್ಲ. ಮೊಸಾಯಿಕ್‌ಗೆ ಹಣ ಸಾಲದಿದ್ದರೆ ಪ್ರತಿ ಫೆಬ್ರುವರಿಯಲ್ಲಿ ಎರಡು ಕೈ ಸುಣ್ಣ ಹಚ್ಚಿಸಿ, ಅದೂ ಕೆಲಸ ಮಾಡುತ್ತದೆ.

ಮಳೆ ನೀರಿಗೆ 40 ಚದರ ಮೀಟರಿಗೊಂದು 4 ಇಂಚಿನ ಪೈಪ್. ನಿಮ್ಮ ಮಾಳಿಗೆಗೆ ಮೂರು ಬೇಕು, ಒಂದೇ ಹಾಕಿದರೆ ಎಲೆ ಸಿಕ್ಕ ದಿನ ಮಾಳಿಗೆ ಕೆರೆಯಾಗುತ್ತದೆ.

ಗೌಂಡಿ_ಚಿತ್ತಾಪುರ:
ಲೇಪ ಒಣಗಿದ ಮ್ಯಾಲ, ಕೋಬಾ ಹಾಕೂಕ್ಕಿಂತ ಮೊದಲ ಪೈಪಿನ ಬಾಯಿ ಮುಚ್ಚಿ 2 ಇಂಚು ನೀರು 72 ತಾಸು ನಿಲ್ಲಿಸ್ರಿ. ಕೆಳಗಿನ ಖೋಲಿಗೆ ಬಣ್ಣ ಹಚ್ಚಿರಬಾರದು, ಹಸಿ ಕಲೆ ಎಲ್ಲಿ ಮೂಡ್ತದ ಅನ್ನೋದು ಅವಾಗೇ ಕಾಣ್ತದ. ಕಲೆ ಬಂದಲ್ಲಿ ಸೀಸಕಡ್ಡಿಲೆ ಗುರುತು ಹಾಕಿ ಅಷ್ಟು ಜಾಗ ಮತ್ತ ಲೇಪ ಹಚ್ಚಿ, ಇನ್ನೊಮ್ಮಿ ನೀರು ನಿಲ್ಲಿಸ್ರಿ.

ಸೇಡಂ_ರಸ್ತೆ_ಸೈಟ್:
ಮಣ್ಣಿನ ಪರೀಕ್ಷಾ ವರದಿ ಬಂದ ಮ್ಯಾಲ ಇಲ್ಲೇ ಹಾಕ್ತೀನ್ರಿ. ಉಬ್ಬು ಎಷ್ಟು ಪ್ರತಿಶತ, ಸಲ್ಫೇಟ್ ಎಷ್ಟು, ಬೋರ್ ನೀರಿನ ಕ್ಲೋರೈಡ್ ಎಷ್ಟು, ಮೂರೂ ಕೇಳೀನಿ.